ತೊಟ್ಟಿಲ ಪಟ್ಟಿಯ ಇನ್ನೊಂದು ತುದಿ

ಲಗ್ನಪತ್ರಿಕೆಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿರುವುದನ್ನು ನೀವೂ ಗಮನಿಸಿರಬಹುದು. ಮುಹೂರ್ತ, ಛತ್ರದ ದಾರಿ ಎಲ್ಲವೂ ಮೊಬೈಲಿಗೇ ಬಂದು ಬೀಳುವ ಈ ಕಾಲದಲ್ಲಿ ಪತ್ರಿಕೆಯನ್ನು ಓದುವವರು ಯಾರೂ ಇಲ್ಲ; ಬಹುಶಃ ಆ ಉಪೇಕ್ಷೆಯನ್ನು ಸಹಿಸಲಾರದೆಯೇ ಅದು ಹೀಗೆ ಮೈ ಬೆಳೆಸಿಕೊಂಡು, ಮಡಚಿದರೆ ಮಡಚದೆ, ಹರಿದರೆ ಹರಿಯದೆ, ಮಂಡ್ಯದ ನಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಕೆಳಗೆ ಶಾಶ್ವತವಾಗಿ ಠಿಕಾಣಿ ಹೂಡುತ್ತದೆ. ಮೇಲೆ ಗಣಪತಿ ಕೂತಿರುವುದರಿಂದ ಕಸಕ್ಕೆ ಹಾಕುವ ಧೈರ್ಯ ನನಗಿಲ್ಲ.

ಅವುಗಳಿಗೊಂದು ಸದ್ಗತಿಯ ಮಾರ್ಗ ತೋರಿಸಿದ್ದು ಮೊಬೈಲಿನ ಒಂದು ವಿಡಿಯೊ. ಅಂಗೈಯಗಲದ ಚೌಕ ರಟ್ಟುಗಳು. ಮೂಲೆಗೊಂದು ತೂತು, ತೂತಿಗೊಂದು ನೂಲು. ರಟ್ಟುಗಳನ್ನೆಲ್ಲ ಜೋಡಿಸಿ ಹಿಡಿದು ಕಾಲು ಸುತ್ತು ತಿರುಗಿಸಿ, ನಡುವೆ ತೆರೆದ ಸಂದಿನಲ್ಲಿ ಅಡ್ಡನೂಲನ್ನು ತೂರಿಸುತ್ತ ಹೋದರೆ ಮಗ್ಗವೇ ಇಲ್ಲದೆ ಪಟ್ಟಿ ನೇಯಬಹುದಂತೆ. ಗಣಪತಿಯನ್ನು ಭಕ್ತಿಯಿಂದ ಕತ್ತರಿಸಿ ಬದಿಗಿಟ್ಟು, ಇಪ್ಪತ್ತು ಪತ್ರಿಕೆಗಳನ್ನು ಚೌಕ ಮಾಡಿದೆ. ನೂಲಿನ ಒಂದು ತುದಿಯನ್ನು ಕಿಟಕಿಯ ಸರಳಿಗೂ ಇನ್ನೊಂದನ್ನು ನನ್ನ ಸೊಂಟಕ್ಕೂ ಬಿಗಿದುಕೊಂಡು ನಡುಮನೆಯಲ್ಲಿ ವಿರಾಜಮಾನಳಾದೆ. ಹಾಲಿನವನು ಬಾಗಿಲಲ್ಲೇ ನಿಂತು, “ಇದೇನ್ ಮೇಡಮ್ಮ, ಸಾರು ನಿಮ್ಮನ್ನ ಕಟ್ಟಾಕ್ಬುಟ್ಟವ್ರಲ್ಲ!” ಎಂದು ನಕ್ಕ. ಬಿಚ್ಚಿಕೊಂಡು ಎದ್ದು ಹಾಲು ಪಡೆಯಲು ನನಗೆ ಐದು ನಿಮಿಷ ಬೇಕಾಯಿತು.

ನೇಯ್ದದ್ದೆಲ್ಲ ಜಿಲೇಬಿಯಂತೆ ಸುರುಳಿ ಸುತ್ತಿಕೊಂಡಿತು. ಎಲ್ಲಿ ಎಡವಿದೆನೆಂದು ತಿಳಿಯಲು ಒಂದು ಮಾದರಿ ಬೇಕಿತ್ತು, ಮತ್ತು ಮಾದರಿ ಮನೆಯಲ್ಲೇ ಇತ್ತು: ನಮ್ಮತ್ತೆಯ ಟ್ರಂಕಿನಲ್ಲಿ.

ನಮ್ಮತ್ತೆ ಆತಗೂರು ಕಡೆಯವರು. ಅವರ ತಾಯಿ, ಬಾವಿಯಿಂದ ನೀರೆತ್ತುವ ಕಪಿಲೆ ಬಾನಿಯ ಹರಿದ ತೊಗಲನ್ನು ಚೌಕಗಳಾಗಿ ಕತ್ತರಿಸಿ ಇದೇ ರೀತಿ ನೇಯ್ದ ಎರಡು ಬೆರಳಗಲದ ಕೆಂಪು-ಬಿಳಿ ಪಟ್ಟಿಯದು. ಒಂದು ತುದಿಯನ್ನು ತೊಟ್ಟಿಲಿಗೆ ಕಟ್ಟಿ, ಇನ್ನೊಂದನ್ನು ಅಡುಗೆಮನೆಯಲ್ಲಿ ಹಿಡಿದು ಜಗ್ಗಿದರೆ ಮಗು ಅಲ್ಲಿ, ಮುದ್ದೆ ಇಲ್ಲಿ, ಎರಡೂ ಸಾಂಗವಾಗಿ ನಡೆಯುತ್ತಿದ್ದವು. ನನ್ನ ಯಜಮಾನರೂ ನನ್ನ ಮಗಳೂ ಮಲಗಿ ಬೆಳೆದದ್ದು ಅದರ ತೂಗಾಟದಲ್ಲೇ. ಮುಂದಿನ ಭಾನುವಾರವೇ ಮೊಮ್ಮಗಳ ನಾಮಕರಣವಿತ್ತು. ಅಂದು ತೊಟ್ಟಿಲಿಗೆ ಆ ಪಟ್ಟಿಯೇ ಆಗಬೇಕೆಂದು ಮನೆಯವರೆಲ್ಲರ ಒಕ್ಕೊರಲ ಆಸೆ.

ನಾಲ್ಕೇ ಬೆರಳಿನಷ್ಟು ಬಿಚ್ಚಿ, ಗುಟ್ಟು ತಿಳಿದು, ಮತ್ತೆ ನೇಯ್ದಿಟ್ಟರಾಯಿತು ಎಂದುಕೊಂಡೆ. ವಿದ್ಯಾವಂತರ ಅವಿವೇಕಕ್ಕೆ ಯಾವಾಗಲೂ ಇಂಥ ಒಂದು ಅಳತೆ ಇರುತ್ತದೆ. ಅಡ್ಡನೂಲನ್ನು ಎಳೆದೆ, ಅದು ಬರಲಿಲ್ಲ, ಪುಡಿಯಾಯಿತು. ಇನ್ನಷ್ಟು ಎಳೆದೆ. ತಲೆಯೆತ್ತಿ ನೋಡುವ ಹೊತ್ತಿಗೆ ಅರ್ಧ ಪಟ್ಟಿ ನನ್ನ ಮಡಿಲಲ್ಲಿ ಬರೀ ದಾರವಾಗಿ ಬಿದ್ದಿತ್ತು, ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಸಾರಿಗೆ ಉಪ್ಪು ಹೆಚ್ಚಾದರೂ ಬೀದಿಗೆಲ್ಲ ತಿಳಿಯುವಂತೆ ಮಾತಾಡುವ ಹೆಂಗಸು, ಅಂದು ಮೆಲ್ಲನೆ ಬಂದು ನನ್ನೆದುರಿಗೆ ಕೂತರು. ದಾರವನ್ನು ಮುಟ್ಟಿ ನೋಡಿದರು. ಆಮೇಲೆ ಕಿಟಕಿಯ ಸರಳಿನತ್ತ ನೋಡಿ, “ಆ ತುದಿಯ ಕಿಟ್ಕಿಗಾ ಕಟ್ಟಿರಾದು?” ಎಂದರು.

“ಹೌದತ್ತೆ.”

“ನಮ್ಮವ್ವ ನನ್ ಸೊಂಟಕ್ಕೆ ಕಟ್ಟೋಳು ಕಣಮ್ಮ. ಅಣ್ಣದೀರು ಇಸ್ಕೂಲ್ಗೆ ಓಗೋರು, ಗಂಟೆ ಒಡೆಯೋದು ಮನೆಗಂಟ ಕೇಳೋದು. ಎದ್ದೋಡ್ಬುಟ್ಟೇನು ಅಂತ ನನ್ನೇ ಗೂಟ ಮಾಡ್ಕಂಡು ಕೂರ್ಸೋಳು. ಪಟ್ಟಿ ಮುಗೀತು, ತಮ್ಮನ ತೊಟ್ಲಿಗೆ ಕಟ್ಟುದ್ರು, ತೂಗಕ್ಕೂ ನನ್ನೇ ಕೂರ್ಸುದ್ರು. ಇಸ್ಕೂಲ್ ಬಾಗ್ಲು ನೋಡ್ನೇ ಇಲ್ಲ ಬುಡು.”

ನಿವೃತ್ತಿಯಾಗುವವರೆಗೆ ಮದ್ದೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು; ಸಂಜೆಯ ಬಸ್ಸು ಹತ್ತಿ ಮಳವಳ್ಳಿಯ ಸುತ್ತಿನ ಹಳ್ಳಿಗಳಿಗೆ ಹೋಗಿ ಅಜ್ಜಿಯರ ಕೈಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿ, ಸಾರ್ಥಕಭಾವದಿಂದ ಉಬ್ಬಿ ಮನೆಗೆ ಬಂದು, ಅತ್ತೆ ಬಿಸಿಯಾಗಿ ಬಡಿಸಿದ್ದನ್ನು ಉಂಡವಳು. ಅತ್ತೆಯ ಪಿಂಚಣಿ ಕಾಗದಗಳ ಮೇಲೆ ಅವರ ಹೆಬ್ಬೆಟ್ಟನ್ನು ಹಿಡಿದು ಒತ್ತಿಸಿದವಳೂ ನಾನೇ. ಮೂವತ್ತೆರಡು ವರ್ಷ ಒಂದೇ ಸೂರಿನಡಿ ಇದ್ದು, ನಿಮಗೆ ಓದುವ ಆಸೆಯಿತ್ತೇ ಎಂದು ಒಂದು ದಿನವಾದರೂ ಕೇಳಿರಲಿಲ್ಲ. ಪಟ್ಟಿ ಹಾಳಾದಾಗ ಆದ ಗಾಬರಿ ಈ ಆಘಾತದ ಮುಂದೆ ಏನೇನೂ ಅಲ್ಲ.

“ತಪ್ಪಾಯ್ತು ಅತ್ತೆ, ಬಿಚ್ಚಬಾರದಿತ್ತು,” ಎಂದೆ.

“ಯಾಕೆ? ಯಾರಾರ ಒಬ್ರು ಬಿಚ್ಬೇಕಾಗಿತ್ತು ಕಣಮ್ಮ. ನೀನು ಬಿಚ್ದೆ.”

ಹಾಗೆಂದು ಅವರೇ ಹೊಸ ನೂಲು ತರಿಸಿದರು. ಮುಂದಕ್ಕೆ ತಿರುಗಿಸಿದಷ್ಟೇ ಹಿಂದಕ್ಕೂ ತಿರುಗಿಸದಿದ್ದರೆ ಸುರುಳಿ ಬೀಳುತ್ತದೆಂದು ಹೇಳಿಕೊಟ್ಟರು. ಕಿಟಕಿಯ ತುದಿಯನ್ನು ಬಿಚ್ಚಿಸಿ, “ಸೊಂಟಕ್ಕೆ ಬ್ಯಾಡ, ಕೈಲಿಡ್ಕತೀನಿ. ಸಾಕಾದ್ರೆ ಎದ್ದೋಯ್ತೀನಿ,” ಎಂದು ಷರತ್ತು ಹಾಕಿದರು. ಮಾತಿಗೆ ತಪ್ಪಲಿಲ್ಲ ನೋಡಿ. ಗಳಿಗೆಗೊಮ್ಮೆ ನೂಲನ್ನು ಕೈಬಿಟ್ಟು ಗೇಟಿನವರೆಗೆ ನಡೆದು, ಬೀದಿಯನ್ನು ಸುಮ್ಮನೆ ನೋಡಿ ಬರುತ್ತಿದ್ದರು. ಅವರು ಎದ್ದುಹೋದಲ್ಲೆಲ್ಲ ನೇಯ್ಗೆ ಸಡಿಲಾಗಿದೆ. ಭಾನುವಾರ ಬಂದವರು ಅದನ್ನು ನನ್ನ ಅನನುಭವದ ಖಾತೆಗೆ ಹಾಕಿದರು, ನಾನು ತಿದ್ದಲು ಹೋಗಲಿಲ್ಲ.

ನೇಯುವಾಗಲೇ ಅತ್ತೆ ಒಂದು ರಟ್ಟನ್ನು ಹೆಬ್ಬೆರಳಿನಿಂದ ಒತ್ತಿ, “ಇದ್ಯಾವ ಅಕ್ಸರ?” ಎಂದಿದ್ದರು. ‘ಮ’ ಎಂದೆ. ಅಲ್ಲಿಂದ ಆರಂಭ. ಈಗ ಮಗು ಬೋರಲು ಬೀಳುತ್ತಿದೆ, ಟಿ.ವಿ. ಸ್ಟ್ಯಾಂಡಿನ ಕೆಳಗಿನ ಪತ್ರಿಕೆಗಳು ಒಂದೊಂದಾಗಿ ಹೊರಬರುತ್ತಿವೆ. ಅವನ್ನು ಓದುವವರು ಯಾರೂ ಇಲ್ಲ ಎಂದೆನಲ್ಲ, ಆ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ಮಧ್ಯಾಹ್ನದ ಬಿಸಿಲಿಗೆ ಜಗಲಿಯಲ್ಲಿ ಕೂತು, ಎಂದೋ ಮುಗಿದ ಮದುವೆಯ ಹುಡುಗಿಯ ಹೆಸರಿನವರೆಗೆ ತಲುಪಲು ಅತ್ತೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ತಲುಪಿದ ಮೇಲೆ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಗಂಡಿನ ಹೆಸರನ್ನು ನೋಡದೆಯೇ ಪತ್ರಿಕೆ ಮುಚ್ಚಿಬಿಡುತ್ತಾರೆ.