ನೀರಕ್ಕನ ಚೀಲಗಳು

ಆ ಸಂಶೋಧನಾಲಯದಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ನೀರಕ್ಕ. ಬಂದವಳೇ ಬಿಳಿ ಕೋಟು ತೊಟ್ಟು, ಯಾರನ್ನೂ ಮಾತಾಡಿಸುವ ಮೊದಲೇ ಹೋಗಿ ಜಾಡಿಗಳ ನೀರು ಬದಲಿಸುವವಳಿಗೆ ಇನ್ನೇನು ಹೆಸರಿಟ್ಟಾರು? ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವಳನ್ನು ನೀರು ಹೊರುವವಳ ಹಾಗೆ ಕರೆಯುತ್ತೀರಲ್ಲ ಎಂದು ಅವಳೂ ಒಮ್ಮೆ ರೇಗಿದ್ದುಂಟು. ರೇಗಿದ ಮೇಲೆ ಹೆಸರು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿತು.

ಎಂಆರ್‌ಐ ಸ್ಕ್ಯಾನ್ ಮಾಡುವಾಗ ಒಳಗಿನ ಗಡ್ಡೆಯೋ ಗಾಯವೋ ಬಿಡಿಸಿ ಕಾಣಲಿ ಎಂದು ರಕ್ತನಾಳಕ್ಕೆ ಒಂದು ಔಷಧಿ ಚುಚ್ಚುತ್ತಾರಲ್ಲ, ಕಾಂಟ್ರಾಸ್ಟ್ ಅನ್ನುತ್ತಾರೆ, ಅಂಥದ್ದೊಂದನ್ನು ಹೊಸದಾಗಿ ಮಾಡುವುದು ಅವಳ ಕೆಲಸ. ಚಿತ್ರಕ್ಕೆ ಹೊಳಪು ಕೊಡುವುದು ಗ್ಯಾಡೊಲಿನಿಯಂ ಎಂಬ ಲೋಹ. ಹಿಡಿತದಲ್ಲಿದ್ದರೆ ದೀಪ, ಕೈತಪ್ಪಿದರೆ ವಿಷ. ಮೂತ್ರಪಿಂಡ ನೆಟ್ಟಗಿರುವವರ ದೇಹ ಅದನ್ನು ಬೇಗ ಹೊರಗೆ ಕಳಿಸುತ್ತದೆ. ಸೋತವರ ದೇಹದಲ್ಲಿ ಅದು ಬಿಡಾರ ಹೂಡಿ ಕೂರುತ್ತದೆ. ಅದಕ್ಕೇ ನೀರಕ್ಕ ಪಾಲಿಮರ್‌ನ ಉದ್ದನೆಯ ಸರಪಳಿ ಹೆಣೆದು, ಅದರ ಕೊಂಡಿಕೊಂಡಿಗೂ ಲೋಹವನ್ನು ಕಚ್ಚಿ ಹಿಡಿಯುವ ಉಗುರುಗಳನ್ನು ಜೋಡಿಸುತ್ತಿದ್ದಳು. ಚಿತ್ರ ತೆಗೆದಾದ ಮೇಲೆ ಸರಪಳಿ ತುಂಡಾಗಬೇಕು, ತುಂಡುಗಳು ಲೋಹವನ್ನು ಬಿಡದೆ ಹೊರಗೆ ಹೊತ್ತೊಯ್ಯಬೇಕು. ಕೂದಲು ಕಪ್ಪಗಿದ್ದಾಗ ಶುರುವಾದ ಕೆಲಸ. ಈಗ ಅವಳು ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದಳು.

ಸರಪಳಿ ತಯಾರಾದಾಗ ಉಗುರಿಗೆ ಸಿಗದ ಬಿಡಿ ಲೋಹವೂ ಅದರ ಜೊತೆ ಉಳಿದಿರುತ್ತದೆ. ಅದನ್ನು ತೆಗೆಯಲು ಎಲ್ಲವನ್ನೂ ತೆಳು ಪೊರೆಯ ಚೀಲಕ್ಕೆ ತುಂಬಿ, ಎರಡೂ ತುದಿಗೆ ಕ್ಲಿಪ್ಪು ಹಾಕಿ, ದೊಡ್ಡ ಗಾಜಿನ ಜಾಡಿಯ ಶುದ್ಧ ನೀರಿನಲ್ಲಿ ಬಿಡಬೇಕು. ಬಿಡಿ ಲೋಹ ಪೊರೆಯಿಂದ ಸೋರಿ ಆಚೆ ಬರುತ್ತದೆ. ಸರಪಳಿ ದೊಡ್ಡದು, ಒಳಗೇ ಉಳಿಯುತ್ತದೆ. ಆದರೆ ಒಳಗೂ ಹೊರಗೂ ಸಮವಾಯಿತೋ, ಸೋರುವುದು ನಿಂತಿತು. ಆಗ ನೀರು ಬದಲಿಸಬೇಕು. ಮತ್ತೆ ಬದಲಿಸಬೇಕು. ಸಾಕಪ್ಪಾ ಸಾಕು ಅನ್ನಿಸಿದ ಮೇಲೂ ಬದಲಿಸಬೇಕು. ಉಳಿದವರಿಗೆ ಇದು ಬಿಟ್ಟಿ ಚಾಕರಿ, ನೀರಕ್ಕನಿಗೆ ಇದೇ ಕೆಲಸದ ಜೀವಾಳ.

ಮನೆಯಲ್ಲಿದ್ದವಳು ಅವಳ ತಾಯಿ ಒಬ್ಬಳೇ. ಬಾಯಿ ಗಟ್ಟಿ, ಮೂತ್ರಪಿಂಡಗಳು ಮಾತ್ರ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ರಕ್ತ ಯಂತ್ರಕ್ಕೆ ಹೋಗಿ, ಅಲ್ಲಿಯ ಪೊರೆಯಲ್ಲಿ ಕೊಳೆ ಕಳೆದುಕೊಂಡು ವಾಪಸು ಬರುವುದನ್ನು ಮಗಳು ವಿವರಿಸಿದಾಗ ಅಮ್ಮ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು, ಹಾಗಾದರೆ ನಿನ್ನ ಚೀಲಕ್ಕೂ ನನಗೂ ಒಂದೇ ಗತಿ ಅಂದಿದ್ದಳು. ಅವತ್ತಿನಿಂದ ಚೀಲಗಳು ಅವಳಿಗೆ ತಂಗಿಯರಾದವು. ಮಗಳು ಬೆಳಿಗ್ಗೆ ತುಸು ತಡಮಾಡಿದರೂ, ನನ್ನ ತಂಗಿಯರು ಕೊಳಕು ನೀರಲ್ಲಿ ಬಿದ್ದಿದ್ದಾರೆ, ನಿನಗೆ ಕಾಫಿ ಬೇರೆ ಕೇಡು ಎಂದು ಗದರುವಳು.

ಅದೇ ಅಮ್ಮನ ಸ್ಕ್ಯಾನ್‌ನಲ್ಲಿ ಯಕೃತ್ತಿನ ಒಂದು ಮೂಲೆಯಲ್ಲಿ ಮಸುಕು ಕಂಡಿತ್ತು. ಗಡ್ಡೆ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಕಾಂಟ್ರಾಸ್ಟ್ ಕೊಟ್ಟು ನೋಡಿದರೆ ತಿಳಿದೀತು, ಆದರೆ ಇಂಥ ಮೂತ್ರಪಿಂಡದವರಿಗೆ ಕೊಡಲು ವೈದ್ಯರಿಗೆ ಧೈರ್ಯ ಸಾಲಲಿಲ್ಲ. ಕಾದು ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಕಳಿಸಿದರು. ನೀರಕ್ಕನಿಗೆ ಮೈಯೆಲ್ಲ ಉರಿಯಿತು. ತಾನು ಇಷ್ಟು ವರ್ಷ ಯಾರಿಗಾಗಿ ಹೆಣೆಯುತ್ತಿದ್ದಳೋ ಅಂಥವಳು ತನ್ನ ಮನೆಯಲ್ಲೇ ಕಾದು ಕೂತಿದ್ದಾಳೆ, ಔಷಧಿ ಮಾತ್ರ ಇನ್ನೂ ಇಲಿಗಳ ಮೇಲಿನ ಪ್ರಯೋಗವನ್ನು ದಾಟಿಲ್ಲ.

ಇಂಥ ಹೊತ್ತಿನಲ್ಲೇ ಪರಿಶೀಲನಾ ಸಮಿತಿ ಬರುವ ಸುದ್ದಿ ಬಂತು. ಅವರಿಗೆ ಹೊಳೆಯುವ ಚಿತ್ರ ತೋರಿಸದಿದ್ದರೆ ಯೋಜನೆಗೆ ಬೀಗ ಎಂದು ವಿಭಾಗದ ಮುಖ್ಯಸ್ಥರು ಮೊದಲೇ ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಅಮ್ಮನಿಗೆ ಜ್ವರವೇರಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ನೀರಕ್ಕ ಚೀಲಗಳನ್ನು ಜೊತೆಯವರಿಗೆ ಒಪ್ಪಿಸಿ ಹಾಸಿಗೆಯ ಪಕ್ಕ ಕೂತಳು. ಜೊತೆಯವರು ಮೊದಲ ದಿನ ಮುತುವರ್ಜಿಯಿಂದ ನೀರು ಬದಲಿಸಿದರು. ಆಮೇಲೆ ಅವರು ಬದಲಿಸಿರಬಹುದೆಂದು ಇವರು, ಇವರು ಬದಲಿಸಿರಬಹುದೆಂದು ಅವರು. ಹತ್ತು ಜನ ಸಾಕಿದ ಹಸುವಿಗೆ ಹುಲ್ಲು ಸಿಕ್ಕೀತೇ? ಚೀಲಗಳು ತಮ್ಮ ಕೊಳೆಯಲ್ಲೇ ನೆನೆದು ಕೂತವು. ಮುಖ್ಯಸ್ಥರು ಅವಸರಪಟ್ಟು ಅವುಗಳಲ್ಲಿದ್ದುದನ್ನೇ ತೆಗೆಸಿ, ಇಲಿಗೆ ಚುಚ್ಚಿಸಿ, ಸ್ಕ್ಯಾನ್ ಮಾಡಿಸಿದರು.

ಜ್ವರ ಇಳಿದು ಅಮ್ಮ ಮನೆಗೆ ಬಂದ ಮೇಲೆ ನೀರಕ್ಕ ಕೆಲಸಕ್ಕೆ ಮರಳಿದಾಗ ಇಡೀ ವಿಭಾಗ ಒಂದು ಪರದೆಯ ಮುಂದೆ ನಿಂತಿತ್ತು. ಇಲಿಯ ರಕ್ತನಾಳ ಒಂದೊಂದೂ ಬೆಳ್ಳಗೆ ಬೆಳಗುತ್ತಿತ್ತು. ಇಷ್ಟು ವರ್ಷದಲ್ಲಿ ಅಂಥ ಚಿತ್ರ ಬಂದಿರಲಿಲ್ಲ. ಎಲ್ಲರೂ ಕೈಕುಲುಕಿದರು. ಮುಖ್ಯಸ್ಥರಂತೂ ಅವಳನ್ನು ಕುರ್ಚಿಯಲ್ಲಿ ಕೂರಿಸಿ ತಾವು ನಿಂತರು. ಹೆತ್ತವರಿಗೆ ಹೆಗ್ಗಣವೂ ಮುದ್ದು ಅನ್ನುತ್ತಾರೆ. ಇದು ನಿಜಕ್ಕೂ ಚಂದದ ಕೂಸು, ಹೆತ್ತವಳ ಮುಖ ಮಾತ್ರ ಕಪ್ಪಿಟ್ಟಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳಿಗೆ ಗೊತ್ತಿತ್ತು. ಉಗುರಿನ ಬಿಗಿಗೆ ಸಿಗದ ಲೋಹಕ್ಕೆ ಸುತ್ತಲಿನ ನೀರು ಹೆಚ್ಚು ತಾಗುತ್ತದೆ, ಅದಕ್ಕೇ ಅದು ಹೆಚ್ಚು ಹೊಳೆಯುತ್ತದೆ. ಹಿಡಿತ ತಪ್ಪಿದಷ್ಟೂ ಚಂದ.

ಅವಳು ಅದೇ ದ್ರಾವಣ ಒಂದಿಷ್ಟು ತೆಗೆದುಕೊಂಡು ಹಳದಿ ಸೂಚಕದ ಹನಿ ಬಿಟ್ಟಳು. ಬಿಡಿ ಲೋಹ ಇಲ್ಲದಿದ್ದರೆ ಹಳದಿ ಹಳದಿಯಾಗಿಯೇ ಇರುತ್ತದೆ. ಅದು ನೋಡುನೋಡುತ್ತಿದ್ದಂತೆ ನೇರಳೆಯಾಯಿತು. ಶೀಶೆ ಹಿಡಿದು ಸೀದಾ ಮುಖ್ಯಸ್ಥರ ಕೋಣೆಗೆ ಹೋದಳು.

ಅವರೇನು ಕೆಟ್ಟವರಲ್ಲ. ನೇರಳೆ ಬಣ್ಣ ನೋಡಿ ಹಣೆ ಒತ್ತಿಕೊಂಡರು, ಬಾಗಿಲು ಮುಂದೆ ಮಾಡಿದರು.

"ನೋಡಿ, ಬೀಗ ಬಿದ್ದ ಮೇಲೆ ತೊಳೆಯೋದೇನು? ಮೊದಲು ಯೋಜನೆ ಉಳಿಸಿಕೊಳ್ಳೋಣ. ಆಮೇಲೆ ಎಷ್ಟು ಬೇಕಾದ್ರೂ ನೀರು ಬದಲಿಸಿ, ಯಾರು ಬೇಡ ಅಂತಾರೆ?"

ಮಾತು ಅವಳನ್ನು ತಟ್ಟದೆ ಇರಲಿಲ್ಲ. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಚಿತ್ರ ತೋರಿಸಿ ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಬೀಗ ಬಿದ್ದರೆ ಅಮ್ಮನಂಥವರಿಗೆ ಯಾರು ದಿಕ್ಕು? ಇದನ್ನೇ ತಲೆಯಲ್ಲಿ ಕಡೆಯುತ್ತ ಸಂಜೆ ಡಯಾಲಿಸಿಸ್ ವಾರ್ಡಿಗೆ ಹೋದಳು. ಅಲ್ಲಿ ಬೇರೆಯದೇ ಜಗಳ ನಡೆದಿತ್ತು. ಹೊರಗೆ ಕಾಯುವವರು ಜಾಸ್ತಿ, ಯಂತ್ರ ಕಡಿಮೆ. ಇವತ್ತಿಗೆ ಇಷ್ಟು ಸಾಕು, ಇವರನ್ನು ಸ್ವಲ್ಪ ಬೇಗ ಬಿಡಿಸಿಬಿಡೋಣ ಎಂದು ನರ್ಸಮ್ಮ ಬಂದಿದ್ದಳು. ಅಮ್ಮ ಸೂಜಿ ಚುಚ್ಚಿದ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಮಲಗಿದ್ದಳು.

"ಸಾಕು ಅಂತ ನಿನಗೆ ಅನ್ನಿಸಿದ್ರೆ ಆಗಲ್ಲ ತಾಯಿ, ನನ್ನ ರಕ್ತಕ್ಕೆ ಅನ್ನಿಸಬೇಕು. ಅರ್ಧಕ್ಕೆ ತೆಗೀಬೇಡ. ಮನೆಗೆ ಹೋಗಿ ಉಸಿರು ಕಟ್ಟೋದು ನನಗೆ, ನಿನಗಲ್ಲ."

ನರ್ಸಮ್ಮ ಗೊಣಗುತ್ತ ಹೋದಳು. ಅಮ್ಮ ಮಗಳತ್ತ ತಿರುಗಿ ಗೆದ್ದವಳಂತೆ ಹುಬ್ಬು ಹಾರಿಸಿದಳು. ನೀರಕ್ಕ ಸ್ಟೂಲು ಎಳೆದುಕೊಂಡು, ಯಂತ್ರ ತಾನಾಗಿ ನಿಲ್ಲುವವರೆಗೂ ಅಲ್ಲೇ ಕೂತಳು. ಅವಳ ತೀರ್ಮಾನ ಆಗಿಹೋಗಿತ್ತು.

ಸಮಿತಿಯವರು ಬಂದ ದಿನ ಮುಖ್ಯಸ್ಥರು ಬೆಳ್ಳನೆಯ ಚಿತ್ರವನ್ನೇ ಪರದೆಗೆ ಹಾಕಿದರು. ಮೆಚ್ಚುಗೆಯ ಗುಜುಗುಜು ಎದ್ದಿತು. ನೀರಕ್ಕ ಎದ್ದು ನಿಂತು, ಕೋಟಿನ ಜೇಬಿನಿಂದ ಶೀಶೆ ತೆಗೆದು, ಎಲ್ಲರೆದುರು ಹಳದಿ ಹನಿ ಬಿಟ್ಟಳು. ಈ ಹೊಳಪು ನಾನು ಹೆಣೆದ ಸರಪಳಿಯದಲ್ಲ, ತೊಳೆಯದೆ ಬಿಟ್ಟ ಲೋಹದ್ದು ಅಂದಳು. ಆಮೇಲೆ ಪೂರ್ತಿ ತೊಳೆದ ಹಿಂದಿನ ಸರಪಳಿಯ ಚಿತ್ರ ಹಾಕಿದಳು. ಅದು ಬೂದು ಬಣ್ಣ. ನಾಳಗಳು ಕಾಣುತ್ತಿದ್ದವು, ಆದರೆ ಕಣ್ಣು ಕೋರೈಸುವಂಥದ್ದೇನಿರಲಿಲ್ಲ. ಸಮಿತಿಯ ಹಿರಿಯರು ಕನ್ನಡಕ ಏರಿಸಿ, ಇದು ಮಸುಕಾಗಿದೆಯಲ್ಲ ಅಂದರು.

"ಮಸುಕೇ ಸರ್. ಆದ್ರೆ ಇದನ್ನ ಯಾರಿಗಾದ್ರೂ ಚುಚ್ಚೋ ಕಾಲ ಬಂದ್ರೆ ನನಗೆ ನಿದ್ದೆ ಬರುತ್ತೆ. ಅದನ್ನ ಚುಚ್ಚಿದ್ರೆ ಬರಲ್ಲ."

ಯೋಜನೆಗೆ ಬೀಗ ಬಿತ್ತು. ಮುಖ್ಯಸ್ಥರು ಅವಳೊಡನೆ ಮಾತು ಬಿಟ್ಟರು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಳು ಎಂದು ಓಣಿಯಲ್ಲಿ, ಕ್ಯಾಂಟೀನಿನಲ್ಲಿ ಆಡಿಕೊಂಡರು. ಕಾಲು ಅವಳದು, ಕಲ್ಲು ಅವಳದು, ಇವರಿಗೇನು ನೋವೋ! ಅವಳಿಗೆ ಪಾಠ ಮಾಡುವ ಕೆಲಸ ಕೊಟ್ಟು, ಕೋಣೆಯನ್ನು ಬೇರೆಯವರಿಗೆ ಹಂಚಿದರು. ಅವಳು ಪಾಠ ಮುಗಿಸಿ ಬಂದು, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ಒಂದು ಮೇಜು ಹಾಕಿಕೊಂಡಳು. ಯಾರನ್ನೂ ಕೇಳಲಿಲ್ಲ. ಜಾಡಿಗಳನ್ನು ಸಾಲಾಗಿ ಇಟ್ಟಳು, ಗೋಡೆಗೆ ಆ ಬೂದು ಚಿತ್ರ ಅಂಟಿಸಿದಳು. ಆ ಮೂಲೆಗೆ ಶುದ್ಧ ನೀರಿನ ನಲ್ಲಿ ಇರಲಿಲ್ಲ. ಕೆಳಮಹಡಿಯಿಂದ ಕ್ಯಾನು ತುಂಬಿಕೊಂಡು ಮೆಟ್ಟಿಲು ಹತ್ತಿದಳು. ಈಗ ನಿಜಕ್ಕೂ ನೀರು ಹೊರುವವಳಾದಳು. ಎದುರು ಬಂದವರು ಮುಖ ತಿರುಗಿಸಿದರೆ, ದಾರಿ ಬಿಡಿ, ನೀರು ಚೆಲ್ಲುತ್ತೆ ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದಳು.

ಅಮ್ಮನಿಗೆ ವಿಷಯ ಹೇಳಿದ್ದು ವಾರ್ಡಿನಲ್ಲೇ, ಯಂತ್ರ ತಿರುಗುತ್ತಿದ್ದಾಗ. ಮುಚ್ಚಿಡದೆ ಎಲ್ಲ ಹೇಳಿದಳು. ಅಮ್ಮ ಕೊಳವೆಯಲ್ಲಿ ಹರಿಯುವ ತನ್ನ ರಕ್ತವನ್ನೇ ನೋಡುತ್ತ ಕೇಳಿದಳು.

"ಕೆಲಸ ಹೋಯ್ತಾ ಹಾಗಾದ್ರೆ?"

"ಜಾಗ ಹೋಯ್ತು. ಕೆಲಸ ಇದೆ."

"ನನ್ನ ಕಾಲಕ್ಕೆ ಆಗಲ್ಲ, ಅಲ್ವಾ?"

ಇಡೀ ಸಮಿತಿಯ ಎದುರು ಅಳುಕದವಳಿಗೆ ಈ ಒಂದು ಪ್ರಶ್ನೆಯ ಮುಂದೆ ಅಳು ಬಂತು. ಆದರೂ ಸುಳ್ಳು ಹೇಳಲಿಲ್ಲ.

"ಆಗಲ್ಲಮ್ಮ."

ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಅಮ್ಮ ಸೂಜಿಯಿಲ್ಲದ ಕೈಯನ್ನು ಚಾಚಿ, ನೀರು ಹೊತ್ತು ಬೊಬ್ಬೆ ಎದ್ದಿದ್ದ ಮಗಳ ಅಂಗೈಯನ್ನು ಒತ್ತಿ ಹಿಡಿದಳು.

"ಆಗದಿದ್ರೆ ಹೋಗ್ಲಿ ಬಿಡು. ನೀನು ಮಾತ್ರ ಅರ್ಧಕ್ಕೆ ತೆಗೀಬೇಡ."