ಗೇಟಿನಿಂದ ಎತ್ತಿದ ಮಂಗಳಾರತಿ

ನೋಡ್ರಪ್ಪಾ, ಇವತ್ತು ನಮ್ಮ ಹಿನಕಲ್ ಅಪಾರ್ಟ್‌ಮೆಂಟಿನಲ್ಲಿ ಗೋಡೆಗೆ ಪೂಜೆ. ಬಿಸಿಲಿನ ಕಾವು ತಡೆಯಲೆಂದು ಹೊರಗೋಡೆಗೆಲ್ಲ ಥರ್ಮಾಕೋಲ್ ಹಲಗೆ ಅಂಟಿಸಿ, ಮೇಲೆ ತೆಳ್ಳಗೆ ಗಿಲಾವು ಮಾಡಿ ಮುಗಿಸಿದ್ದರು.

"ಇದಕ್ಕೆ ಬೆಂಕಿ ಹತ್ತಿದರೆ?" ಎಂದೆ.

"ಗೋಡೆಗೆ ಯಾರ್ರೀ ಬೆಂಕಿ ಹಚ್ತಾರೆ? ಶುಭಕಾರ್ಯದಲ್ಲಿ ಅಪಶಕುನ ನುಡೀಬೇಡಿ ಮೇಡಂ," ಎಂದು ಸೆಕ್ರೆಟರಿ ಗದರಿದರು.

ಸಿಟ್ಟು ಬಂತು. ಮಿಕ್ಕಿದ್ದ ಹಲಗೆಯ ಒಂದು ಚೂರನ್ನು ಅಂಗಳದ ಕಲ್ಲಿನ ಮೇಲಿಟ್ಟು, ಉರಿಯುವ ಕರ್ಪೂರ ತಾಗಿಸಿದೆ. ಭಗ್ಗೆಂದಿತು. ಕರಗಿ ಹರಿದದ್ದೂ ಉರಿಯುತ್ತಲೇ ಹರಿಯಿತು. ಕಪ್ಪು ಹೊಗೆಗೆ ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

ಕೊನೆಗೆ ಸೆಕ್ರೆಟರಿಯೇ ಮೆಲ್ಲಗೆ ಹೇಳಿದರು: "ಪುರೋಹಿತ್ರೇ, ಮಂಗಳಾರತಿ ಗೇಟ್ ಹತ್ರದಿಂದ್ಲೇ ಎತ್ಬುಡಿ."

ಎತ್ತಿದರು. ಎಲ್ಲರೂ ಕಣ್ಣಿಗೊತ್ತಿಕೊಂಡೆವು.

ಎಂಟನೇ ಮಹಡಿಯಲ್ಲಿ ನನ್ನ ಸಾರು ಮಾತ್ರ ಅದೇ ಗೋಡೆಯಿಂದ ಒಂದು ಮೊಳ ದೂರದಲ್ಲಿ ಕುದಿಯುತ್ತಿದೆ. ಊಟಕ್ಕೆ ಬರೋರು ಬನ್ನಿ.