ಎಡಕ್ಕೆ ತಿರುಗದ ನಲ್ಲಪ್ಪ

‘ಊಟ ಆಯ್ತಾ ನಲ್ಲಪ್ಪ?’ ಎಂದು ಯಾರಾದರೂ ಕೇಳಿದರೆ, ಆಯ್ತು ಎಂದರೆ ಇವನಿಗೇನು ಲಾಭ, ಇಲ್ಲ ಎಂದರೆ ನನಗೇನು ನಷ್ಟ ಎಂದು ಯೋಚಿಸಿಯೇ ನಲ್ಲಪ್ಪ ಬಾಯಿ ಬಿಡುತ್ತಿದ್ದ. ಅಷ್ಟರಲ್ಲಿ ಕೇಳಿದವನು ತನ್ನ ಊಟ ಮುಗಿಸಿ ಕೈ ತೊಳೆದುಕೊಂಡಿರುತ್ತಿದ್ದ.

ಇದು ಹುಟ್ಟುಗುಣವಲ್ಲ. ಹಿಂದೊಮ್ಮೆ ಸರ್ವೆಯವರು ಸರಪಳಿ ಹಿಡಿದು ಅವನ ರಾಗಿ ಹೊಲಕ್ಕಿಳಿದಾಗ ‘ಏನ್ ಸಾಮಿ?’ ಎಂದು ಕೇಳಿದ್ದ. ‘ಏನಿಲ್ಲಪ್ಪ, ಸುಮ್ನೆ ಅಳೀತಿದೀವಿ’ ಎಂದಿದ್ದರು. ಮೂರು ವರ್ಷದಲ್ಲಿ ಹೊಲವಿದ್ದ ಕಡೆ ಪೀಣ್ಯದ ಒಂದು ಕಾರ್ಖಾನೆಯ ಚಿಮಣಿ ನಿಂತಿತ್ತು. ಅಂದಿನಿಂದ ಯಾರಾದರೂ ‘ಸುಮ್ನೆ’ ಎಂದರೆ ನಲ್ಲಪ್ಪ ಸುಮ್ಮನಿರುತ್ತಿರಲಿಲ್ಲ.

೧೯೮೧ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಅವನಿಗೆ ಅದೇ ಪೀಣ್ಯದ ಇನ್ನೊಂದು ಕಾರ್ಖಾನೆಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸ ಸಿಕ್ಕಿತು. ಆರು ತಿಂಗಳು ನೋಡುತ್ತಾರಂತೆ, ಆಮೇಲೆ ಪರ್ಮನೆಂಟಂತೆ. ಹೊಲ ಹೋದವನಿಗೆ ಕಾಲಿಡಲು ಉಳಿದಿದ್ದ ನೆಲ ಅದೊಂದೇ. ಆದರೆ ಎಂಟು ಹತ್ತಕ್ಕೆ ಗೇಟು ಮುಚ್ಚುತ್ತಿತ್ತು. ಊರಿನಿಂದ ನಾಲ್ಕು ಮೈಲಿ. ಬಸ್ಸು ಮನಸ್ಸು ಬಂದರೆ ಬರುತ್ತಿತ್ತು, ಮನಸ್ಸು ಬಂದರೆ ನಿಲ್ಲುತ್ತಿತ್ತು.

ಪಕ್ಕದ ಮನೆಯ ಶ್ಯಾಮಣ್ಣ ತನ್ನ ಸೈಕಲ್ಲು ಕೊಡಲು ಮುಂದೆ ಬಂದ. ‘ಮಂಡಿನೋವು ಕಣೋ, ತುಳಿಯಕ್ಕಾಗಲ್ಲ. ನೀನಾದ್ರೂ ಓಡಿಸ್ಕೊ.’

ಒಳ್ಳೆಯ ಸೈಕಲ್ಲನ್ನು ಯಾರು ಕೊಡುತ್ತಾರೆ? ನಲ್ಲಪ್ಪ ಎರಡು ದಿನ ಬೇಲಿಯ ಸಂದಿಯಿಂದ ಶ್ಯಾಮಣ್ಣನ ನಡಿಗೆ ನೋಡಿದ. ಮೊದಲ ದಿನ ಬಲಗಾಲು ಕುಂಟುತ್ತಿತ್ತು, ಮರುದಿನ ಎಡಗಾಲು. ಕೇಳಿಯೇಬಿಟ್ಟ.

‘ಎರಡು ಮಂಡೀನೂ ನೋವು ಕಣಯ್ಯ. ಒಂದೊಂದು ದಿನ ಒಂದೊಂದಕ್ಕೆ ರಜ’ ಎಂದ ಶ್ಯಾಮಣ್ಣ.

ಸೈಕಲ್ಲು ಮನೆಗೆ ಬಂತು. ಕಲಿಯಲು ಜಾಗ ಬೇಕಲ್ಲ. ಊರಿನ ಓಣಿಗಳಲ್ಲಿ ಹಳ್ಳ ಮುಗಿದಲ್ಲಿ ಸಗಣಿ, ಸಗಣಿ ಮುಗಿದಲ್ಲಿ ಹಳ್ಳ. ಸಮತಟ್ಟಾಗಿದ್ದದ್ದು ಅಶ್ವತ್ಥಕಟ್ಟೆಯ ಸುತ್ತ ಹಾಸಿದ್ದ ಚಪ್ಪಡಿ ಮಾತ್ರ. ಹೇಗೂ ಹೊಸ ಗಾಡಿಯನ್ನು ಕಟ್ಟೆಗೆ ಮೂರು ಸುತ್ತು ಹಾಕಿಸುವುದು ಊರಿನ ಪದ್ಧತಿ. ನಲ್ಲಪ್ಪ ಮೂರಕ್ಕೆ ನಿಲ್ಲಿಸದೆ ಎರಡು ತಿಂಗಳು ಸಂಜೆ ಸಂಜೆ ಸುತ್ತಿದ; ಅಷ್ಟು ದಿನ ನಸುಕಿಗೇ ಎದ್ದು ನಡೆದು ಕೆಲಸಕ್ಕೆ ಹೋದ. ಅವನ ತಾಯಿ ಪಿಳ್ಳಮ್ಮ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕಾವಲಿಗೆ ಕೂತಿರುತ್ತಿದ್ದಳು. ಮಗ ಬಿದ್ದರೆ ಎತ್ತುವುದಕ್ಕಲ್ಲ, ಉಲ್ಟಾ ಸುತ್ತಿದರೆ ತಡೆಯುವುದಕ್ಕೆ.

‘ಬಲಕ್ಕೆ ಸುತ್ತು’ ಎನ್ನುತ್ತಿದ್ದಳು. ‘ಎಡಕ್ಕಾಕ್ಕೊಂಡು ಸುತ್ತೋದು ಎಣಾನ, ಮಸಾಣದಾಗೆ. ದೇವ್ರನ್ನಲ್ಲ.’

ದಿನಕ್ಕೆ ನೂರೆಂಟು ಸುತ್ತು. ಪುಣ್ಯವೂ ಬಂತು, ಸೈಕಲ್ಲೂ ಬಂತು.

ರಸ್ತೆಗಿಳಿದಾಗ ಅವನ ಅನುಮಾನವೇ ಅವನಿಗೆ ಲೈಸೆನ್ಸಾಯಿತು. ತುಮಕೂರು ರಸ್ತೆಯ ಪ್ರತಿ ಲಾರಿಯೂ ತನ್ನನ್ನೇ ಹುಡುಕಿಕೊಂಡು ಬಂದಿದೆ, ಎತ್ತಿನ ಗಾಡಿಗಳು ಅದಕ್ಕೆ ಸುಳಿವು ಕೊಡುತ್ತಿವೆ ಎಂದು ನಂಬಿದವನು ಎಚ್ಚರ ತಪ್ಪುವುದಾದರೂ ಹೇಗೆ? ಲಾರಿಯ ಹಿಂದೆ ‘ಹಾರ್ನ್ ಓಕೆ ಪ್ಲೀಸ್’ ಎಂದಿರುವುದನ್ನು ಜೊತೆಯವನೊಬ್ಬ ಓದಿ ಅರ್ಥ ಹೇಳಿದ. ಅಷ್ಟು ದೊಡ್ಡ ಗಾಡಿ ಇಷ್ಟು ಸಣ್ಣವನಿಗೆ ದಯವಿಟ್ಟು ಎನ್ನಬೇಕಾದರೆ ಒಳಗೇನೋ ಇದೆ ಎಂದು ನಲ್ಲಪ್ಪ ಇನ್ನೂ ಒಂದು ಮಾರು ದೂರ ಸರಿದ. ಎಂಟೇ ದಿನದಲ್ಲಿ, ಹಳೆಯ ಸವಾರರೂ ಇಳಿದು ತಳ್ಳಿಕೊಂಡು ದಾಟುವ ಜಾಗದಲ್ಲಿ, ಅವನು ಕೈಚಾಚಿ, ಎರಡು ಲಾರಿಗಳ ನಡುವೆ ಸಲೀಸಾಗಿ ಬಲಕ್ಕೆ ತಿರುಗಿ ಕಾರ್ಖಾನೆಯ ಬೀದಿ ಸೇರುತ್ತಿದ್ದ. ನೋಡಿದವರು ಶಹಬ್ಬಾಸ್ ಅಂದರು. ಯಾಕೆ ಅಂದರೋ ಎಂದು ಅವನು ಅದನ್ನೂ ಅನುಮಾನಿಸಿದ.

ಕಾರ್ಖಾನೆಯ ಗೇಟು ಮಾತ್ರ ಬೀದಿಯ ಎಡಕ್ಕಿತ್ತು.

ಸೈಕಲ್ಲಿನಲ್ಲಿ ಬಂದ ಮೊದಲ ದಿನ, ಎಂಟರ ಸೈರನ್ನಿಗೆ ನೂರಾರು ಸೈಕಲ್ಲುಗಳು ಒಟ್ಟಿಗೆ ನುಗ್ಗುತ್ತಿರುವಾಗ, ನಲ್ಲಪ್ಪ ಹ್ಯಾಂಡಲನ್ನು ಎಡಕ್ಕೆ ಎಳೆದ. ಹ್ಯಾಂಡಲು ತಿರುಗಿತು, ನಲ್ಲಪ್ಪ ತಿರುಗಲಿಲ್ಲ. ಅವನ ಮೇಲೆ ಐದು ಜನ ಬಿದ್ದರು, ಐದು ಟಿಫಿನ್ ಕ್ಯಾರಿಯರ್ ಬಿಚ್ಚಿಕೊಂಡವು. ಒಬ್ಬನ ಹುಳಿಸಾರು ಇನ್ನೊಬ್ಬನ ಮೊಸರನ್ನಕ್ಕೆ ಸೇರಿತು. ಬಲಕ್ಕೆ ಬಲವಿತ್ತು, ಎಡಕ್ಕೆ ಬರೀ ಎಡವಟ್ಟು. ಆ ಪ್ರವಾಹದಲ್ಲಿ ಇಳಿದು ನಿಲ್ಲುವಂತೆಯೂ ಇರಲಿಲ್ಲ. ನಿಂತರೆ ಇನ್ನೂ ಹತ್ತು ಜನ ಬೀಳುತ್ತಿದ್ದರು.

ಮರುದಿನದಿಂದ ಅವನು ಉಪಾಯ ಹೂಡಿದ. ಗೇಟನ್ನು ಕಣ್ಣೆತ್ತಿಯೂ ನೋಡದೆ ಮುಂದೆ ಹೋಗುತ್ತಿದ್ದ. ಬೀದಿಯ ಕೊನೆಯಲ್ಲಿ ಒಂದು ಗುಜರಿ ಅಂಗಡಿ, ಅದರ ಮುಂದೆ ಬಯಲು. ಅಲ್ಲಿ ಬಲಕ್ಕೊಂದು ಅರ್ಧ ಸುತ್ತು ಹಾಕಿ ವಾಪಸು ಬಂದರೆ ಗೇಟು ಬಲಗಡೆಗೆ ಸಿಗುತ್ತಿತ್ತು. ಸಂಜೆ ಗೇಟಿನಿಂದ ಹೇಗೂ ಬಲಕ್ಕೇ ತಿರುಗಬೇಕು; ತುಮಕೂರು ರಸ್ತೆ ಸೇರುವಲ್ಲಿ ಮಾತ್ರ ಎಲ್ಲರನ್ನೂ ಮುಂದೆ ಬಿಟ್ಟು, ಇಳಿದು ಎಡಕ್ಕೆ ತಳ್ಳಿಕೊಂಡು ಹೋಗುತ್ತಿದ್ದ.

ತಪ್ಪು ತನ್ನದಿರಬಹುದೆಂಬ ಅನುಮಾನ ಮಾತ್ರ ಅವನಿಗೆ ಬರಲಿಲ್ಲ. ಶ್ಯಾಮಣ್ಣ ಎಡಕ್ಕೆ ತಿರುಗದ ಸೈಕಲ್ಲನ್ನು ಗೊತ್ತಿದ್ದೇ ತಲೆಗೆ ಕಟ್ಟಿದ್ದಾನೆ ಎಂದು ರಿಪೇರಿಯವನ ಹತ್ತಿರ ಮೂರು ಸಲ ಒಯ್ದ. ರಿಪೇರಿಯವನು ಅವನ ಕಣ್ಣೆದುರೇ ಎಡಕ್ಕೊಂದು, ಬಲಕ್ಕೊಂದು ಎಂಟರ ಆಕಾರ ಬರೆದು ತೋರಿಸಿದ. ಇವನೂ ಶ್ಯಾಮಣ್ಣನೂ ಒಂದೇ ಕಡೆಯವರು ಎಂದು ನಲ್ಲಪ್ಪನಿಗೆ ಖಾತ್ರಿಯಾಯಿತು.

ಅನುಮಾನ ಅವನೊಬ್ಬನ ಆಸ್ತಿಯಾಗಿರಲಿಲ್ಲ. ಗೇಟಿನ ವಾಚ್‌ಮನ್ ಲಕ್ಷ್ಮಯ್ಯನಿಗೂ ಸಾಕಷ್ಟಿತ್ತು. ಎರಡು ತಿಂಗಳಿಂದ ಉಗ್ರಾಣದಲ್ಲಿ ತಾಮ್ರದ ತಂತಿ ಕಡಿಮೆ ಬರುತ್ತಿತ್ತು. ತಂತಿ ಸುತ್ತುವ ಆಳೊಬ್ಬ ದಿನಾ ಬೆಳಿಗ್ಗೆ ಗೇಟು ದಾಟಿ ಸೀದಾ ಗುಜರಿ ಅಂಗಡಿಯ ಕಡೆಗೆ ಹೋಗಿ, ಎರಡೇ ನಿಮಿಷಕ್ಕೆ ಏನೂ ಗೊತ್ತಿಲ್ಲದವನಂತೆ ವಾಪಸು ಬರುತ್ತಾನೆ. ಲಕ್ಷ್ಮಯ್ಯ ಮೀಸೆ ತೀಡಿಕೊಂಡು ಮೇಲಕ್ಕೆ ವರದಿ ಮಾಡಿದ.

ಪರ್ಸನೆಲ್ ಆಫೀಸರು ನಲ್ಲಪ್ಪನನ್ನು ಕರೆಸಿದರು. ‘ದಿನಾ ಬೆಳಿಗ್ಗೆ ಗುಜರಿ ಅಂಗಡಿ ಹತ್ರ ಏನಪ್ಪ ಕೆಲಸ?’

ನಲವತ್ತೊಂದು ವರ್ಷದ ಮನುಷ್ಯ, ಎಡಕ್ಕೆ ತಿರುಗಲು ಬರುವುದಿಲ್ಲ ಎಂದು ಹೇಗೆ ಹೇಳುವುದು? ಎತ್ತು ಕೂಡ ಎರಡೂ ಕಡೆ ತಿರುಗುತ್ತದೆ.

‘ಏನಿಲ್ಲ ಸಾರ್’ ಎಂದ ನಲ್ಲಪ್ಪ. ‘ಸುಮ್ನೆ.’

ಆಡಿದ ಮೇಲೆ ಆ ಮಾತು ಅವನಿಗೇ ಕೆಟ್ಟದಾಗಿ ಕೇಳಿಸಿತು.

‘ಸೋಮವಾರ ನಿನ್ನ ಕನ್ಫರ್ಮೇಶನ್ನು’ ಎಂದರು ಆಫೀಸರು. ‘ಅಷ್ಟರೊಳಗೆ ಸರಿಯಾದ ಉತ್ತರ ಕೊಟ್ರೆ ಒಂದು ಕಾಗದ. ಇಲ್ಲಾಂದ್ರೆ ಬೇರೆ ಕಾಗದ.’

ಶನಿವಾರ ಬೆಳಿಗ್ಗೆ ನಲ್ಲಪ್ಪ ಬಯಲಿನಲ್ಲಿ ಸುತ್ತು ಹೊಡೆಯುತ್ತಿದ್ದಾಗ ಒಂದು ಟಾರು ಡ್ರಮ್ಮಿನ ಹಿಂದಿನಿಂದ ಲಕ್ಷ್ಮಯ್ಯ ಎದ್ದು ಬಂದ. ಟಿಫಿನ್ ಕ್ಯಾರಿಯರ್ ಬಿಚ್ಚಿ ಮುದ್ದೆಯೊಳಕ್ಕೆ ಬೆರಳು ಹಾಕಿ ನೋಡಿದ. ಸೀಟು ಬಡಿದ, ಪೇಟ ಬಿಚ್ಚಿಸಿದ. ತಂತಿಯಿರಲಿ, ಒಂದು ತಂತು ಕೂಡ ಸಿಗಲಿಲ್ಲ.

‘ಮತ್ಯಾಕಯ್ಯ ಇಲ್ಲಿಗೆ ಬರ್ತೀಯ?’

ಇನ್ನು ಮುಚ್ಚಿಡಲು ದಾರಿಯಿರಲಿಲ್ಲ. ‘ಎಡಕ್ಕೆ ಬರಾಕಿಲ್ಲ ಅಣ್ಣ.’

‘ಏನು ಬರಲ್ಲ?’

‘ತಿರುಗಾಕೆ.’

‘ನನ್ನನ್ನೇನು ಅಂದ್ಕೊಂಡಿದೀಯ? ಎಲ್ಲಿ, ತಿರುಗು ನೋಡಾಣ.’

ನಲ್ಲಪ್ಪ ತಿರುಗಿದ, ಬಿದ್ದ. ನಾಟಕವಿರಬಹುದೆಂದು ಲಕ್ಷ್ಮಯ್ಯ ಇನ್ನೆರಡು ಸಲ ಬೀಳಿಸಿದ. ಆಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದ, ‘ಎಲ್ಲಿ ಕಲಿತೆ?’

‘ಊರಾಗೆ. ಕಟ್ಟೆ ಸುತ್ತ.’

‘ಯಾವ ಕಡೆಯಿಂದ ಸುತ್ತಿದೆ?’

‘ಇನ್ಯಾವ ಕಡೆಯಿಂದ? ದೇವ್ರನ್ನ ಬಲಕ್ಕಾಕ್ಕೊಂಡು...’ ಎಂದವನು ಅಲ್ಲೇ ನಿಂತ. ಆರು ತಿಂಗಳಲ್ಲಿ ಮೊದಲ ಸಲ ಅವನ ಅನುಮಾನ ಶ್ಯಾಮಣ್ಣನನ್ನು ಬಿಟ್ಟು ಮನೆಯ ಕಡೆ ಹೊರಟಿತು.

‘ನಾಳೆ ಭಾನುವಾರ ಬಾ. ನಾನು ಕಲಿಸ್ತೀನಿ’ ಎಂದ ಲಕ್ಷ್ಮಯ್ಯ.

ನೀನ್ಯಾಕೆ ಕಲಿಸ್ತೀಯ ಎಂಬ ಪ್ರಶ್ನೆ ನಲ್ಲಪ್ಪನ ಗಂಟಲಿಗೆ ಬಂತು. ಸೋಮವಾರ ನೆನಪಾಗಿ ನುಂಗಿಕೊಂಡ.

ಭಾನುವಾರ ಲಕ್ಷ್ಮಯ್ಯ ಬಯಲಿನ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತ. ‘ನನ್ನ ಸುತ್ತ ಎಡಕ್ಕೆ ಸುತ್ತು. ನಾನೇನು ದೇವರಲ್ಲ, ಪಾಪ ಬರಲ್ಲ.’

‘ಅದು ಸರಿ ಅಣ್ಣ’ ಎಂದ ನಲ್ಲಪ್ಪ, ತುಳಿಯುತ್ತ. ‘ನಮ್ಮ ಕಡೆ ಇಂಗೆ ಸುತ್ತೋದು ಎಣಾನ.’

ಎರಡು ಸುತ್ತು ಲಕ್ಷ್ಮಯ್ಯ ಧೈರ್ಯವಾಗಿಯೇ ನಿಂತಿದ್ದ. ಮೂರನೆಯದಕ್ಕೆ ಅವನ ಎದೆಯಲ್ಲಿ ಏನೋ ಚುಳ್ ಎಂದಿತು. ನಾಲ್ಕನೆಯದಕ್ಕೆ ಮೊದಲೇ ಅವನು ಹೊರಕ್ಕೆ ಹಾರಿ, ಟಾರು ಡ್ರಮ್ಮನ್ನು ಉರುಳಿಸಿ ತಂದು ತನ್ನ ಜಾಗದಲ್ಲಿ ನಿಲ್ಲಿಸಿದ. ‘ಇದನ್ನ ಸುತ್ತು. ಇದಕ್ಕೆ ಹೆಂಡ್ತಿ ಮಕ್ಕಳಿಲ್ಲ.’

ಬೆಳಗಿನಿಂದ ಸಂಜೆಯವರೆಗೆ ನಲ್ಲಪ್ಪ ಸುತ್ತಿದ, ಬಿದ್ದ, ಎದ್ದ, ಸುತ್ತಿದ. ಬಿಸಿಲು ಇಳಿಯುವ ಹೊತ್ತಿಗೆ ನಡುವೆ ಕಾಲೂರದೆ ಹನ್ನೊಂದು ಸುತ್ತು ಬಂದವು.

ಸೋಮವಾರ ಎಂಟಕ್ಕೆ ಐದು ನಿಮಿಷವಿರುವಾಗ ಆಫೀಸರು ಸ್ವತಃ ಗೇಟಿನಲ್ಲಿ ಬಂದು ನಿಂತಿದ್ದರು. ಸೈಕಲ್ಲುಗಳ ಹೊಳೆಯ ನಡುವೆ ಬರುತ್ತಿದ್ದ ನಲ್ಲಪ್ಪ ಅವರನ್ನು ಕಂಡ. ಕಂಡರೂ ಕೈ ಡ್ರಮ್ಮನ್ನು ಮರೆಯಲಿಲ್ಲ. ಎಡಗೈ ಚಾಚಿ, ಮೈಯನ್ನು ಅಷ್ಟೇ ಅಷ್ಟು ವಾಲಿಸಿ, ಹಿಂದಿನವನ ಬೆಲ್ಲಿಗೂ ಮುಂದಿನವನ ಬೈಗುಳಕ್ಕೂ ಸಿಗದೆ, ಎಣ್ಣೆಯಂತೆ ಗೇಟಿನೊಳಕ್ಕೆ ಜಾರಿದ.

ಆಫೀಸರ ಹುಬ್ಬು ಗಂಟಾಯಿತು. ‘ದಿನಾ ಮುಂದಕ್ಕೆ ಹೋಗ್ತಿದ್ದವನು, ನಾನು ನಿಂತಿರೋ ದಿನ ಮಾತ್ರ ಯಾಕಯ್ಯ ನೆಟ್ಟಗೆ ಒಳಗೆ ಬಂದೆ?’

ಲಕ್ಷ್ಮಯ್ಯ ಸೆಲ್ಯೂಟು ಹೊಡೆದು ನಡೆದದ್ದನ್ನೆಲ್ಲ ಹೇಳಿದ. ಅವರು ಅವನನ್ನೂ ಅದೇ ಕಣ್ಣಿನಿಂದ ನೋಡಿದರು. ‘ಈಗ ಬರುತ್ತೆ ಅನ್ನೋದು ಕಂಡೆ. ಮುಂಚೆ ಬರ್ತಿರಲಿಲ್ಲ ಅನ್ನೋದಕ್ಕೆ ಏನು ಸಾಕ್ಷಿ?’

ನಲ್ಲಪ್ಪನಿಗೆ ನ್ಯಾಯವಾದ ಪ್ರಶ್ನೆ ಅನ್ನಿಸಿತು. ತಾನಾಗಿದ್ದರೂ ಅದನ್ನೇ ಕೇಳುತ್ತಿದ್ದ. ಸ್ವಲ್ಪ ಯೋಚಿಸಿ, ಸೈಕಲ್ಲು ನಿಲ್ಲಿಸಿ, ಅಂಗಿಯ ಎರಡೂ ತೋಳು ಮಡಚಿದ, ಪಂಚೆಯನ್ನು ಮಂಡಿಯ ಮೇಲಕ್ಕೆತ್ತಿದ. ಎಡಮೊಣಕೈ ಸುಲಿದಿತ್ತು, ಎಡಮಂಡಿ ಹೆಪ್ಪುಗಟ್ಟಿತ್ತು, ಎಡಪಾದದ ಗಂಟು ಬದನೆಕಾಯಿಯಂತೆ ಊದಿತ್ತು. ಹಳೆಯ ಗಾಯದ ಮೇಲೆ ಹೊಸದು, ಹೊಸದರ ಪಕ್ಕದಲ್ಲಿ ನಿನ್ನೆಯದು. ಬಲಗಡೆ ಒಂದು ಗೀರಿರಲಿಲ್ಲ.

ಆಫೀಸರು ಬಗ್ಗಿ ನೋಡಿದರು. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿದರು. ಅವರ ಬಾಯಿ ಒಂದು ಮೂಲೆಯಲ್ಲಿ ಅಲುಗಿತು. ಅವನನ್ನು ಒಳಗೆ ಕರೆದುಕೊಂಡು ಹೋಗಿ, ಟೈಪು ಮಾಡಿಸಿಟ್ಟಿದ್ದ ಎರಡು ಕಾಗದಗಳಲ್ಲಿ ಒಂದನ್ನು ಹರಿದು ಬುಟ್ಟಿಗೆ ಹಾಕಿ, ಇನ್ನೊಂದಕ್ಕೆ ರುಜು ಮಾಡಿ ಅವನ ಕೈಗಿಟ್ಟರು.

‘ಪರ್ಮನೆಂಟು. ಹೋಗು, ಕೆಲಸ ನೋಡು.’

ನಲ್ಲಪ್ಪ ಹೋಗಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ ನೋಡುತ್ತ ನಿಂತ.

‘ಏನಯ್ಯ ನೋಡ್ತಿದೀಯ?’

‘ಏನಿಲ್ಲ ಸಾರ್’ ಎಂದ. ‘ಇಷ್ಟು ಸಲೀಸಾಗಿ ಕೊಟ್ಬಿಟ್ರಲ್ಲ, ಅದಕ್ಕೆ.’